ಜಪಾನಿನ ಬೆಟ್ಟದಲ್ಲಿ ಹೆಮ್ಮಿಗೆಯ ಹಿಟ್ಟು

ಹೆಮ್ಮಿಗೆಯಿಂದ ನರಸೀಪುರಕ್ಕೆ ಬೆಳಿಗ್ಗೆ ಹೊರಡುವ ಮೊದಲ ಬಸ್ಸಿನಲ್ಲಿ ನಾನು ಜಪಾನಿಗೆ ಹೊರಟೆ. ಸೆಪ್ಟೆಂಬರ್ ತಿಂಗಳ ಕೊನೆ. ಗದ್ದೆಬಯಲಿನ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಕಂಡಕ್ಟರು ನನ್ನ ಸೂಟ್‌ಕೇಸನ್ನು ಮೇಲಿಂದ ಕೆಳಗೆ ನೋಡಿ, “ಇದ್ಕೂ ಒಂದ್ ಟಿಕೆಟ್ ಆಯ್ತದೆ. ಎಲ್ಗೋಗ್ಬೇಕು?” ಅಂದ. ನಾನು ಬಾಯಿ ತೆರೆಯುವ ಮೊದಲೇ ಅವ್ವ, “ಜಪಾನ್ಗೆ ಕಣಪ್ಪ” ಅಂದಳು.

“ನಾನು ನರಸೀಪುರದ ಗಂಟ ಬುಡ್ತೀನಿ ಕಣವ್ವ. ಅಲ್ಲಿಂದ ಮುಂದಕ್ಕೆ ನೀವೇ ಗಾಡಿ ನೋಡ್ಕಳಿ.”

ಬಸ್ಸಿನವರೆಲ್ಲ ನಕ್ಕರು. ಅವ್ವನೂ ನಕ್ಕಳು. ಅಪ್ಪ ಮಾತ್ರ ನಗಲಿಲ್ಲ. ಅವನ ಕಣ್ಣು ಕಿಟಕಿಯಾಚೆಗಿನ ಕಾಲುವೆಯ ಮೇಲಿತ್ತು. ಅಪ್ಪ ನಮ್ಮೂರ ನೀರುಗಂಟಿ. ಯಾರ ಗದ್ದೆಗೆ ಯಾವಾಗ ನೀರು ಬಿಡಬೇಕು, ಯಾವ ತೂಬು ಕಟ್ಟಬೇಕು ಅನ್ನುವುದು ಅವನ ಕೆಲಸ. ಆ ಒಂದು ದಿನಕ್ಕೆ ಮಣ್ಣೆಳೆಯುವ ಸನಿಕೆಯನ್ನು ಬೇರೆಯವರ ಕೈಗೆ ಕೊಟ್ಟು ಬಂದಿದ್ದ. ಅವ್ವ ನರಸೀಪುರದ ವಿದ್ಯಾರ್ಥಿ ನಿಲಯವೊಂದರಲ್ಲಿ ಅಡುಗೆಯವಳು. ದಿನಾ ಸಂಜೆ ಎಂಬತ್ತು ಹುಡುಗರಿಗೆ ರಾಗಿ ಮುದ್ದೆ ಕಟ್ಟುತ್ತಿದ್ದಳು. ನಮ್ಮ ಕಡೆ ಮುದ್ದೆಗೂ ಹಿಟ್ಟು ಅಂತಲೇ ಹೆಸರು. ಈ ಇಬ್ಬರ ವಂಶದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವನು ನಾನೊಬ್ಬನೇ. ಎರಡು ಬಸ್ಸು ಬದಲಾಯಿಸಿ ನಂಜನಗೂಡಿನ ಕಾಲೇಜಿಗೆ ಹೋಗಿ ಬಂದು ಬಿ.ಎಸ್ಸಿ. ಮಾಡಿದೆ. ಆಮೇಲೆ ಮೈಸೂರಿನಲ್ಲಿ ಎಂ.ಎಸ್ಸಿ., ಸಸ್ಯಶಾಸ್ತ್ರ.

ಆಗ ನಮ್ಮ ವಿಭಾಗಕ್ಕೂ ಜಪಾನಿನ ಒಂದು ವಿಶ್ವವಿದ್ಯಾಲಯಕ್ಕೂ ಒಪ್ಪಂದವಿತ್ತು. ವರ್ಷಕ್ಕೊಬ್ಬ ವಿದ್ಯಾರ್ಥಿ ಆರು ತಿಂಗಳು ಅಲ್ಲಿ ಓದಿ ಬರಬಹುದು. ಅದುವರೆಗೆ ಹೋದವರೆಲ್ಲ ಇಂಗ್ಲಿಷ್ ಶಾಲೆಯಲ್ಲಿ ಕಲಿತ ಪಟ್ಟಣದ ಮಕ್ಕಳು. ಸಂದರ್ಶನದಲ್ಲಿ ನನ್ನ ಅಂಕ ನೋಡಿ ಆರಿಸಿದರು. ಆದರೆ ಆ ಸಮಿತಿಯ ಹಿರಿಯ ಅಧ್ಯಾಪಕರೊಬ್ಬರು ನನ್ನೆದುರಿಗೇ ಹೇಳಿದರು: “ಮಾರ್ಕ್ಸ್ ಇದೆ, ಸರಿ. ಬಾಯಿ ಎಲ್ಲಿದೆ? ಅಲ್ಲಿ ಕಡೇಲಿ ಎಲ್ಲರ ಮುಂದೆ ನಿಂತು ವಿಷಯ ಮಂಡಿಸ್ಬೇಕು. ಇವನು ಅಲ್ಲಿ ಸೋತು ಬಂದ್ರೆ, ಮುಂದಿನ ವರ್ಷದಿಂದ ಕನ್ನಡ ಮೀಡಿಯಂನವರ ಅರ್ಜಿ ತಗೊಳ್ಳೋದೇ ಬೇಡ.” ನಾನು ತಲೆ ತಗ್ಗಿಸಿ “ಆಯ್ತು ಸಾ” ಅಂದೆ. ಆ ಮಾತನ್ನು ಮನೆಯಲ್ಲಿ ಹೇಳಿದಾಗ ಅವ್ವ, “ಬಾಯಿ ಇಲ್ದೆ ಇಷ್ಟ್ ದಿನ ಎಲ್ಲಿಂದ ಉಂಡೆ, ಕೇಳ್ಬೇಕಾಗಿತ್ತು” ಅಂದಳು. ಕೇಳುವ ಧೈರ್ಯ ನನಗಿರಲಿಲ್ಲ. ಅದೇ ನನ್ನ ಕಾಯಿಲೆ.

ನರಸೀಪುರದಲ್ಲಿ ಬಸ್ಸು ಬದಲಾಯಿಸಿದೆವು. ಮೈಸೂರಿಗೆ ಮೂವತ್ತು ಕಿಲೋಮೀಟರಿನಷ್ಟು ದಾರಿ, ಒಂದೂಕಾಲು ಗಂಟೆ. ಮೈಸೂರು ರೈಲು ನಿಲ್ದಾಣದಲ್ಲಿ ಅವ್ವ ನನ್ನ ಸೂಟ್‌ಕೇಸನ್ನು ಇನ್ನೊಂದು ಸಲ ಬಿಚ್ಚಿಸಿದಳು. ಅಂಗಿ ಪ್ಯಾಂಟಿನ ನಡುವೆ ಮೂರು ಕೇಜಿ ರಾಗಿ ಹಿಟ್ಟು, ಹಿಂದಿನ ದಿನ ನಂಜನಗೂಡಿಗೆ ಹೋಗಿ ತಂದ ವಿಭೂತಿ, ಅದರ ಪಕ್ಕದಲ್ಲಿ ಹಿಟ್ಟು ತಿರುವುವ ಕೋಲು. “ಕೋಲು ಅಲ್ಲೂ ಸಿಕ್ತದೆ ಕಣವ್ವ” ಅಂದೆ. “ಅಲ್ಲಿಯವ್ರು ಎರಡು ಕಡ್ಡೀಲಿ ಉಣ್ತಾರಂತೆ. ಅವ್ರ ಅತ್ರ ಇಷ್ಟು ದಪ್ಪದ್ದು ಎಲ್ಲಿದ್ದದು?” ಅಂತ ಕೋಲನ್ನು ಇನ್ನಷ್ಟು ಒಳಗೆ ತೂರಿಸಿದಳು. ರೈಲು ಅಲುಗಿದಾಗ ಅಪ್ಪ ಕಿಟಕಿಯ ಸರಳು ಹಿಡಿದು ನಡೆದುಕೊಂಡು ಬಂದು, “ಪಾಸೋ ಫೇಲೋ ಅನ್ನೋದ ಫೋನಲ್ಲಿ ಏಳ್ಬೇಡ ಕಣ್ಲಾ. ಬಂದು ಏಳು” ಅಂದ. ಒಳ್ಳೆಯ ಸುದ್ದಿಯಾದರೂ ಕೆಟ್ಟ ಸುದ್ದಿಯಾದರೂ ಎದುರಿಗೆ ನಿಂತು ಹೇಳಬೇಕು ಅನ್ನುವುದು ಅವನ ಪದ್ಧತಿ. ಕಾಲುವೆಯಲ್ಲಿ ನೀರು ನಿಂತರೂ ಮನೆಮನೆಗೆ ಹೋಗಿ ಹೇಳಿ ಬರುತ್ತಿದ್ದ.

ಬೆಂಗಳೂರಿನಿಂದ ಚೆನ್ನೈಗೆ ರೈಲು, ಅಲ್ಲಿಂದ ಸಿಂಗಪುರ, ಸಿಂಗಪುರದಿಂದ ನಗೋಯಾ. ವಿಮಾನವನ್ನು ಅಷ್ಟು ಹತ್ತಿರದಿಂದ ನೋಡಿದ್ದೇ ಅದರೊಳಗೆ ಕೂತ ದಿನ. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಕಿವಿ ಕಟ್ಟಿತು, ಕೊಟ್ಟಿದ್ದನ್ನೆಲ್ಲ ತಿಂದೆ. ಹೇಳಬೇಕಾದದ್ದು ನಗೋಯಾದ ತಪಾಸಣೆ. ಬಿಳಿ ಕೈಗವಸು ತೊಟ್ಟ ಅಧಿಕಾರಿ ರಾಗಿ ಹಿಟ್ಟಿನ ಪೊಟ್ಟಣವನ್ನು ಎತ್ತಿ ನೋಡಿದ, ಅಲುಗಿಸಿದ, ಮೂಸಿದ. ಆಮೇಲೆ ಕೋಲನ್ನು ತೆಗೆದು ಅದರ ಪಕ್ಕದಲ್ಲಿಟ್ಟ. ಕಂದು ಪುಡಿ, ಒಂದು ದೊಣ್ಣೆ. ಇವೆರಡಕ್ಕೂ ಏನು ಸಂಬಂಧ ಅಂತ ಅವನಿಗೆ ತಿಳಿಯಲಿಲ್ಲ. ನನಗೆ ಇಂಗ್ಲಿಷ್ ಪದ ಹೊಳೆಯಲಿಲ್ಲ. ಪೊಟ್ಟಣ ಬಿಚ್ಚಿ ಒಂದು ಚಿಟಿಕೆ ಹಸಿ ಹಿಟ್ಟನ್ನು ಬಾಯಿಗೆ ಹಾಕಿಕೊಂಡೆ, ಕೋಲು ಹಿಡಿದು ಗಾಳಿಯಲ್ಲೇ ಹಿಟ್ಟು ತಿರುವಿದೆ. ಅವನು ನೋಡಿದ. ಇನ್ನೊಬ್ಬನನ್ನು ಕರೆದ. ಅವನೆದುರಿಗೂ ತಿರುವಿದೆ. ಇಬ್ಬರೂ ಸೊಂಟ ಬಗ್ಗಿಸಿ ನಮಸ್ಕರಿಸಿ ಕಳಿಸಿಕೊಟ್ಟರು.

ನನ್ನ ವಿಶ್ವವಿದ್ಯಾಲಯವಿದ್ದದ್ದು ಗಿಫು ಅನ್ನುವ ಊರಿನ ಕಡೆ. ನಗೋಯಾದಿಂದ ರೈಲು, ನಾನೂರೈವತ್ತು ಯೆನ್. ಆಗಿನ ಲೆಕ್ಕದಲ್ಲಿ ನೂರೆಪ್ಪತ್ತು ರೂಪಾಯಿಯ ಆಸುಪಾಸು. ಅದೂ ಮೂವತ್ತು ಕಿಲೋಮೀಟರೇ, ನರಸೀಪುರದಿಂದ ಮೈಸೂರಿಗೆ ಇದ್ದಷ್ಟೇ ದೂರ, ಆದರೆ ಇಪ್ಪತ್ತೇ ನಿಮಿಷದಲ್ಲಿ ತಲುಪಿಸಿತು. ತುಂಬಿದ ಬೋಗಿಯಲ್ಲಿ ಯಾರೂ ಯಾರೊಂದಿಗೂ ಮಾತಾಡಲಿಲ್ಲ. ನಿದ್ದೆ ಮಾಡುತ್ತಿದ್ದವರು ಕೂಡ ತಮ್ಮ ನಿಲ್ದಾಣಕ್ಕೆ ಸರಿಯಾಗಿ ಎದ್ದು ಇಳಿದು ಹೋದರು. ಊರ ಸುತ್ತ ಗದ್ದೆ, ಕುಯ್ಲಿಗೆ ಬಂದಿದ್ದ ಭತ್ತ, ಬದುವಿನ ಮೇಲೆ ಕೆಂಪು ಹೂ. ನಮ್ಮ ಕಡೆಯ ಬನ್ನೂರಿನ ಬಯಲೇ ಬಂದ ಹಾಗಾಯಿತು. ನೀರಿನ ತೂಬುಗಳನ್ನು ಮಾತ್ರ ಕಬ್ಬಿಣದ ಚಕ್ರ ತಿರುಗಿಸಿ ತೆರೆಯುವಂತೆ ಮಾಡಿದ್ದರು. ಅಪ್ಪನಿಗೆ ತೋರಿಸಬೇಕು ಅಂತ ಮೊದಲ ಫೋಟೋ ತೆಗೆದದ್ದೇ ಅಂಥದೊಂದು ತೂಬಿನದು.

ನನ್ನ ಪ್ರಾಧ್ಯಾಪಕರು ಒಕಾದಾ ಅಂತ. ಅಲ್ಲಿ ಮೇಷ್ಟ್ರನ್ನು ಹೆಸರಿನ ಜೊತೆ ಸೆನ್ಸೇ ಅಂತ ಸೇರಿಸಿ ಕರೆಯಬೇಕು. ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ. ಪ್ರಯೋಗಶಾಲೆಯಲ್ಲಿ ನನ್ನ ಪಕ್ಕದ ಮೇಜು ಕೆಂಜಿಯದು. ಅವನು ಬೆಟ್ಟದ ಕಡೆಯ ಹಳ್ಳಿಯವನು. ಇಂಗ್ಲಿಷಿನಲ್ಲಿ ನನಗಿಂತ ಕಡೆ, ಆದ್ದರಿಂದ ಬೇಗ ಗೆಳೆಯರಾದೆವು. ಸಿದ್ದರಾಜು ಅನ್ನುವ ನನ್ನ ಹೆಸರನ್ನು ಕತ್ತರಿಸಿ, ಮರ್ಯಾದೆಗೆ ಸಾನ್ ಸೇರಿಸಿ, ಸಿದ್ದು-ಸಾನ್ ಮಾಡಿಕೊಂಡ.

ಚಳಿಗೆ, ಭಾಷೆಗೆ, ಉಪ್ಪು ಖಾರವಿಲ್ಲದ ಊಟಕ್ಕೆ ಹೊಂದಿಕೊಂಡೆ. ಅವುಗಳಿಂದ ನನಗೆ ಸೋಲು ಬರಲಿಲ್ಲ. ಬಂದದ್ದು ನವೆಂಬರಿನ ವಿಚಾರಗೋಷ್ಠಿಯಲ್ಲಿ. ಭತ್ತದ ಸಸಿಯ ಬೇರಿನ ಬಗ್ಗೆ ನಾನು ಹದಿನೈದು ನಿಮಿಷ ಮಾತಾಡಬೇಕಿತ್ತು. ಬರೆದುಕೊಂಡು ಹೋಗಿದ್ದ ಹಾಳೆಯನ್ನು ಮುಖದ ಹತ್ತಿರ ಹಿಡಿದು ಓದಿದೆ. ಹಾಳೆ ಮಗುಚುವ ಸದ್ದೇ ನನ್ನ ದನಿಗಿಂತ ಜೋರಾಗಿತ್ತು. ಮುಗಿದ ಮೇಲೆ ಒಬ್ಬರು ಸುಲಭದ ಪ್ರಶ್ನೆ ಕೇಳಿದರು. ಉತ್ತರ ನನಗೆ ಗೊತ್ತಿತ್ತು. ಬಾಯಿ ತೆರೆಯಲಿಲ್ಲ. ಯಾರೂ ನಗಲಿಲ್ಲ, ಬೈಯಲಿಲ್ಲ. ಎಲ್ಲರೂ ತಮ್ಮ ತಮ್ಮ ಪೆನ್ನಿನ ಮುಚ್ಚಳ ನೋಡುತ್ತಾ ಕೂತರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಒಕಾದಾ ಸೆನ್ಸೇ ಕೋಣೆಗೆ ಕರೆದು ಹಸಿರು ಚಹಾ ಕೊಟ್ಟರು. “ಫೆಬ್ರವರಿಯಲ್ಲಿ ಕಡೆಯ ಮಂಡನೆ. ಅರ್ಧ ಗಂಟೆ. ಕಾಗದ ನೋಡಿ ಓದುವ ಹಾಗಿಲ್ಲ. ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬೇಕು. ಅದರಲ್ಲಿ ತೇರ್ಗಡೆಯಾಗದಿದ್ದರೆ ಈ ಆರು ತಿಂಗಳನ್ನು ನಾವು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ” ಅಂದರು. ಹೇಳುವಾಗ ಅವರ ಮುಖದಲ್ಲಿ ನನಗಿಂತ ಹೆಚ್ಚು ನೋವಿತ್ತು. ಮೈಸೂರಿನ ಆ ಹಿರಿಯ ಅಧ್ಯಾಪಕರ ಮಾತು ನಿಜವಾಗುವ ಹಂತಕ್ಕೆ ಬಂದಿತ್ತು. ನಾನೊಬ್ಬ ಸೋತರೆ ಸೋಲಲಿ, ನನ್ನ ಹಿಂದೆ ಬರುವವರ ಬಾಗಿಲನ್ನೂ ಮುಚ್ಚಿ ಹೋಗುತ್ತೇನಲ್ಲ ಅನ್ನುವುದು ಎದೆಯಲ್ಲಿ ಕೂತುಬಿಟ್ಟಿತು.

ಹೊಸ ವರ್ಷದ ರಜೆಗೆ ಕೆಂಜಿ ನನ್ನನ್ನು ತನ್ನ ಊರಿಗೆ ಕರೆದುಕೊಂಡು ಹೋದ. ಗಿಫುವಿನಿಂದ ಉತ್ತರಕ್ಕೆ, ಹೊಳೆಯ ಪಕ್ಕದಲ್ಲೇ ಸಾಗುವ ನಿಧಾನದ ರೈಲು. ಎರಡೇ ಬೋಗಿ, ಮೂರು ಗಂಟೆಯ ಪ್ರಯಾಣ. ಒಂದೊಂದು ಸುರಂಗ ದಾಟಿದಾಗಲೂ ಹಿಮ ಇನ್ನಷ್ಟು ದಪ್ಪವಾಗುತ್ತಿತ್ತು. ನಾನು ಜೀವಮಾನದಲ್ಲಿ ಮೊದಲು ಹಿಮ ನೋಡಿದ್ದು ಅಲ್ಲೇ. ಅವನ ಮನೆಯಲ್ಲಿ ಅಪ್ಪ, ಅಮ್ಮ, ಎಂಬತ್ತು ದಾಟಿದ ಅಜ್ಜಿ. ಬರಿಗೈಲಿ ಹೋಗಬಾರದು ಅನ್ನುವುದು ಅವರಲ್ಲೂ ಇದೆ, ನಮ್ಮಲ್ಲೂ ಇದೆ. ಕೊಡಲು ನನ್ನಲ್ಲಿ ಬೇರೇನೂ ಇಲ್ಲದೆ ಒಂದು ಕೇಜಿ ರಾಗಿ ಹಿಟ್ಟನ್ನೂ ಕೋಲನ್ನೂ ಕಟ್ಟಿಕೊಂಡು ಹೋಗಿದ್ದೆ.

ಹೊಸ ವರ್ಷಕ್ಕೆ ಅವರು ಮೊಚಿ ಮಾಡುತ್ತಾರೆ. ಅಂಟು ಅಕ್ಕಿಯನ್ನು ಬೇಯಿಸಿ, ಮರದ ದೊಡ್ಡ ಒರಳಿಗೆ ಹಾಕಿ, ಮರದ ಸುತ್ತಿಗೆಯಲ್ಲಿ ಕುಟ್ಟಿ ಕುಟ್ಟಿ, ಬಿಳಿ ಮುದ್ದೆಯಾಗಿಸಿ ಉಂಡೆ ಕಟ್ಟುವುದು. ಕೆಂಜಿಯ ಅಪ್ಪ ಕುಟ್ಟುತ್ತಿದ್ದರೆ ಅಜ್ಜಿ ಸುತ್ತಿಗೆ ಏಳುವಷ್ಟರಲ್ಲಿ ಒದ್ದೆ ಕೈ ಹಾಕಿ ತಿರುವಿ ಹಾಕುತ್ತಿದ್ದರು. ಅವ್ವ ಹಿಟ್ಟು ತಿರುವುವುದನ್ನು ನೋಡಿ ಬೆಳೆದವನು ನಾನು, ನೋಡುತ್ತಾ ನಿಲ್ಲಲಾಗಲಿಲ್ಲ. ಸುತ್ತಿಗೆ ಇಸಿದುಕೊಂಡು ಎರಡು ಒರಳು ಕುಟ್ಟಿ ಮುಗಿಸಿದೆ. ಅಜ್ಜಿ ನನ್ನ ತೋಳು ಹಿಚುಕಿ ನೋಡಿ ಏನೋ ಅಂದರು. “ನಿನ್ನನ್ನು ಇಲ್ಲೇ ಇಟ್ಟುಕೊಂಡು ನನ್ನನ್ನು ಇಂಡಿಯಾಕ್ಕೆ ಕಳಿಸೋಣ ಅಂತಿದ್ದಾರೆ” ಅಂದ ಕೆಂಜಿ.

ಹೊಸ ವರ್ಷದ ಬೆಳಿಗ್ಗೆ ಎಲ್ಲರೂ ತಗ್ಗಿನ ಮೇಜಿನ ಸುತ್ತ ಕೂತೆವು. ಬಟ್ಟಲಿನಲ್ಲಿ ಬಿಸಿ ಸಾರು, ಸಾರಿನಲ್ಲಿ ಸೊಪ್ಪು, ನಡುವೆ ದುಂಡಗೆ ಬೆಳ್ಳಗೆ ಆ ಮೊಚಿ. ಗಿಫುವಿನ ನನ್ನ ಕೋಣೆಯಲ್ಲಿ ಒಲೆ ಇಲ್ಲದೆ, ಹಿಟ್ಟಿದ್ದೂ ಮೂರು ತಿಂಗಳಿನಿಂದ ಮುದ್ದೆ ಕಂಡಿರಲಿಲ್ಲ. ಸಾರಿನಲ್ಲಿ ಕೂತಿರುವ ದುಂಡನೆಯ ವಸ್ತು ನೋಡಿದ ಕೂಡಲೇ ಕೈ ತಾನೇ ಮುಂದಾಯಿತು. ಕಡ್ಡಿ ಬದಿಗಿಟ್ಟೆ, ಬೆರಳಲ್ಲಿ ಒಂದು ತುತ್ತು ಮುರಿದೆ, ಉಂಡೆ ಮಾಡಿದೆ, ಸಾರಿನಲ್ಲಿ ಅದ್ದಿ ಬಾಯಿಗೆ ಹಾಕಿ ಗುಳುಂ ಅಂತ ನುಂಗಿದೆ. ಮುದ್ದೆಯನ್ನು ಅಗಿಯುವವರು ಯಾರು? ನಮ್ಮಲ್ಲಿ ಮಕ್ಕಳಿಗೆ ಮೊದಲು ಕಲಿಸುವುದೇ ನುಂಗುವುದನ್ನು.

ಮೇಜಿನ ಸುತ್ತ ಎಲ್ಲರ ಕೈ ನಿಂತಿತು. ನನ್ನ ಊಟದ ರೀತಿ ಮೆಚ್ಚಿಕೊಂಡು ನೋಡುತ್ತಿದ್ದಾರೆ ಅಂದುಕೊಂಡು ಎರಡನೆಯದನ್ನು ಕೊಂಚ ದೊಡ್ಡದಾಗಿಯೇ ಮುರಿದು ನುಂಗಿದೆ. ಕೆಂಜಿಯ ಅಮ್ಮ ಕಿರುಚಿದರು.

ಆ ಊರಿನಲ್ಲಿ, ಆ ದೇಶದಲ್ಲಿಯೇ, ಮೊಚಿಯನ್ನು ಅಗಿಯದೆ ನುಂಗುವುದು ಅಂದರೆ ಸಾಯುವ ದಾರಿ. ಹೊಸ ವರ್ಷದಲ್ಲಿ ಅದು ಗಂಟಲಿಗೆ ಸಿಕ್ಕಿಕೊಂಡು ವಯಸ್ಸಾದವರು ತೀರಿಕೊಳ್ಳುವುದುಂಟು. ಇದು ನನಗೆ ಆಮೇಲೆ ಗೊತ್ತಾಯಿತು. ಆಗ ಗೊತ್ತಾದದ್ದು ಇಷ್ಟೇ, ಎರಡನೆಯ ತುತ್ತು ಗಂಟಲಿನ ಅರ್ಧ ದಾರಿಯಲ್ಲಿ ಅಂಟಿ ನಿಂತಿತು. ನಮ್ಮ ಮುದ್ದೆ ಜಾರುತ್ತದೆ, ಇದು ಹಿಡಿದುಕೊಳ್ಳುತ್ತದೆ. ಕೆಂಜಿಯ ಅಪ್ಪ ಮೇಜು ದಾಟಿ ಬಂದು ನನ್ನ ಬೆನ್ನಿಗೆ ಗುದ್ದತೊಡಗಿದರು. ಅಮ್ಮ ಒಳಗೆ ಓಡಿ ಕಸ ಎಳೆಯುವ ಮಿಷನ್ನನ್ನು ಉದ್ದದ ಕೊಳವೆಯ ಸಮೇತ ಎಳೆದುಕೊಂಡು ಬಂದರು. ಅದನ್ನು ನನ್ನ ಬಾಯಿಗಿಟ್ಟು ಎಳೆಯುವುದು ಅವರ ಉದ್ದೇಶ. ಕೆಂಜಿ ಪ್ಲಗ್ ಹುಡುಕುತ್ತಿದ್ದ. ನೂರು ದೇಶ ದಾಟಿ ಬಂದು ಕಸದ ಮಿಷನ್ನಿಗೆ ಸಿಕ್ಕೆನಲ್ಲ ಅನ್ನಿಸಿತು. ಆ ಹೆದರಿಕೆಗೋ, ಬೆನ್ನಿಗೆ ಬಿದ್ದ ಗುದ್ದಿಗೋ, ತುತ್ತು ಮೇಲೆ ಬಂದು ಬಟ್ಟಲಿಗೆ ಬಿತ್ತು.

ಮಿಷನ್ನು ಆಗತಾನೇ ಸಿಕ್ಕ ಕರೆಂಟಿಗೆ ಭರ್ರೆಂದು ಶುರುವಾಯಿತು. ಮೊದಲು ನಕ್ಕವರು ಅಜ್ಜಿ. ಹಲ್ಲಿಲ್ಲದ ಬಾಯಿ ತೆರೆದು, ಮೇಜು ಬಡಿದು ನಕ್ಕರು. ಆಮೇಲೆ ನನ್ನ ಪಕ್ಕಕ್ಕೆ ಬಂದು ಕೂತು, ಮೊಚಿಯನ್ನು ಕಡಲೆಕಾಳಿನಷ್ಟು ಚೂರು ಮಾಡಿ ಕೊಟ್ಟು, “ಕಾಂದೆ, ಕಾಂದೆ” ಅಂದರು. ಅಗಿ, ಅಗಿ ಅಂತ. ನಾನು ಅಗಿಯುವವರೆಗೆ ನನ್ನ ದವಡೆಯನ್ನೇ ನೋಡುತ್ತಿದ್ದರು.

“ಯಾಕೆ ಹಾಗೆ ಮಾಡಿದೆ?” ಅಂತ ಕೆಂಜಿಯ ಅಪ್ಪ ಕೇಳಿದರು. ನಾನು ಹೇಳಲು ಶುರು ಮಾಡಿದೆ. ನಮ್ಮ ಕಡೆಯ ಊಟವೇ ಹಾಗೆ ಅಂದೆ. ಅಗಿದರೆ ಹಲ್ಲಿಗೆ ಅಂಟುತ್ತದೆ, ರುಚಿ ಕೆಡುತ್ತದೆ, ಮೇಲಾಗಿ ಹಿರಿಯರು ನಗುತ್ತಾರೆ ಅಂದೆ. ನನ್ನ ಅವ್ವ ಎಂಬತ್ತು ಜನಕ್ಕೆ ಒಂದೇ ಪಾತ್ರೆಯಲ್ಲಿ, ಒಲೆಯ ಮುಂದೆ ಎರಡು ಕಾಲಿನ ನಡುವೆ ಪಾತ್ರೆ ಅದುಮಿ ಹಿಡಿದು ತಿರುವುವುದನ್ನು ಎದ್ದು ನಿಂತು ಮಾಡಿ ತೋರಿಸಿದೆ. ಪದ ಸಿಗದ ಕಡೆ ಇಂಗ್ಲಿಷು, ಇಂಗ್ಲಿಷು ಸಿಗದ ಕಡೆ ಕನ್ನಡ, ಅದೂ ಸಾಲದ ಕಡೆ ಕೈ ಕಾಲು. ಅವರು ಕೇಳುತ್ತಲೇ ಹೋದರು, ನಾನು ಹೇಳುತ್ತಲೇ ಹೋದೆ. ಸಾರು ಆರಿ ತಣ್ಣಗಾದಾಗ ಕೆಂಜಿ ನನ್ನನ್ನು ವಿಚಿತ್ರವಾಗಿ ನೋಡಿ ಅಂದ: “ಸಿದ್ದು-ಸಾನ್, ಒಂದು ಗಂಟೆಯಿಂದ ಮಾತಾಡುತ್ತಿದ್ದೀಯ. ನಿನ್ನ ಕೈಯಲ್ಲಿ ಕಾಗದ ಇಲ್ಲ.”

ಅಂದು ಸಂಜೆ ಅವರ ಅಡುಗೆಮನೆಯಲ್ಲಿ ಮುದ್ದೆ ಮಾಡಿದೆ. ಹುದುಗಿಸಿದ ಸೋಯಾ ಕಾಳಿನಿಂದ ಮಾಡುವ ಅವರ ಮಿಸೊ ಸಾರಿಗೇ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟೆ. ಹೆಮ್ಮಿಗೆಯ ಕೋಲು ಜಪಾನಿನ ಪಾತ್ರೆಯಲ್ಲಿ ತಿರುಗಿತು. ಈಗ ಹೆದರುವ ಸರದಿ ಅವರದು. ಅಜ್ಜಿಯೊಬ್ಬರೇ ಕೈ ಹಾಕಿದರು. ಒಂದು ತುತ್ತು ಮುರಿದು, ನಾನು ತೋರಿಸಿದ ಹಾಗೆ ಅದ್ದಿ, ನುಂಗಿದರು. ಜಾರಿ ಹೋಯಿತು. ಅವರು ಮತ್ತೆ ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. ಕೈಯಲ್ಲಿದ್ದ ಉಳಿದ ಮುದ್ದೆಯನ್ನು ಮೂಸಿ, ಮಗನ ಕಡೆ ತಿರುಗಿ ಏನೋ ಹೇಳಿದರು. ಕೆಂಜಿ ತಿಳಿಸಿ ಹೇಳಿದ: “ನಾನು ಹುಡುಗಿಯಾಗಿದ್ದಾಗ ಮೇಲಿನ ಬೆಟ್ಟದ ಊರಿನಲ್ಲಿ ಇದನ್ನೇ ಉಣ್ಣುತ್ತಿದ್ದೆವು ಅಂತಾರೆ. ಬಿಳಿ ಅನ್ನ ಹಬ್ಬಕ್ಕೆ ಮಾತ್ರ. ಈ ಬಣ್ಣ, ಈ ವಾಸನೆ.”

ಮರುದಿನ ಬೆಳಿಗ್ಗೆ ಅಜ್ಜಿ ಮಂಡಿಯವರೆಗಿನ ಬೂಟು ಹಾಕಿಕೊಂಡು ನಮ್ಮಿಬ್ಬರನ್ನೂ ಹಿಮದಲ್ಲಿ ನಡೆಸಿಕೊಂಡು ಮೂರು ಮನೆ ಆಚೆಗಿನ ಒಂದು ಕಣಜಕ್ಕೆ ಕರೆದೊಯ್ದರು. ಆ ಮನೆಯ ಮುದುಕ ಈಗಲೂ ಹಳೆಯ ಅಭ್ಯಾಸ ಬಿಡಲಾರದೆ ನಾಲ್ಕು ಸಾಲು ಅದನ್ನು ಬೆಳೆಯುತ್ತಾನಂತೆ. ಬಾಗಿಲು ತೆಗೆದರು. ಜಂತಿಯಿಂದ ಜೋತು ಬಿದ್ದಿದ್ದವು ತೆನೆಗಳು, ಬೆರಳು ಮಡಿಸಿದ ಮುಷ್ಟಿಯ ಹಾಗೆ. ಸಸ್ಯಶಾಸ್ತ್ರ ಓದಿದವನು ನಾನು, ಆದರೆ ಆ ಕ್ಷಣದಲ್ಲಿ ನೆನಪಾದದ್ದು ಶಾಸ್ತ್ರದ ಹೆಸರಲ್ಲ. “ಅಯ್ಯೋ, ನಮ್ ರಾಗಿ!” ಅಂತ ಕನ್ನಡದಲ್ಲೇ ಕೂಗಿಬಿಟ್ಟೆ. ಅಜ್ಜಿಗೆ ಅರ್ಥವಾಯಿತು. ಶಿಕೋಕುಬಿಎ ಅಂತ ಅವರ ಭಾಷೆಯಲ್ಲಿ ಅದರ ಹೆಸರು. ಎರಡು ತೆನೆ ಬಿಡಿಸಿ ನನ್ನ ಕೋಟಿನ ಜೇಬಿಗೆ ಸಿಕ್ಕಿಸಿದರು.

ಗಿಫುವಿಗೆ ಮರಳಿದವನೇ ತೆನೆಗಳನ್ನು ಒಕಾದಾ ಸೆನ್ಸೇ ಮೇಜಿನ ಮೇಲಿಟ್ಟು, “ನನ್ನ ವಿಷಯ ಬದಲಾಯಿಸಬೇಕು” ಅಂದೆ. ಅವರು ಕನ್ನಡಕ ತೆಗೆದು ಒರೆಸಿದರು. “ಉಳಿದಿರುವುದು ಎಂಟು ವಾರಕ್ಕಿಂತ ಕಡಿಮೆ.” “ಸಾಕು” ಅಂದೆ. ಅಷ್ಟು ಚಿಕ್ಕ ಉತ್ತರವನ್ನು ಅಷ್ಟು ಗಟ್ಟಿಯಾಗಿ ನಾನು ಯಾರಿಗೂ ಕೊಟ್ಟಿರಲಿಲ್ಲ.

ಜನವರಿಯ ಶನಿವಾರಗಳಲ್ಲಿ ಅದೇ ಎರಡು ಬೋಗಿಯ ರೈಲು ಹತ್ತಿ ಬೆಟ್ಟಕ್ಕೆ ಹೋದೆ. ಮುದುಕರನ್ನು ಕೂರಿಸಿಕೊಂಡು ಹೇಗೆ ಬಿತ್ತುತ್ತಿದ್ದಿರಿ, ಹೇಗೆ ನೆಡುತ್ತಿದ್ದಿರಿ ಅಂತ ಕೇಳಿದೆ. ಅವರೂ ನಮ್ಮ ಹಾಗೇ ಪೈರು ಎಬ್ಬಿಸಿ, ಕಿತ್ತು, ನಾಟಿ ಮಾಡುತ್ತಿದ್ದರು. ಆದರೆ ನಮ್ಮಲ್ಲಿ ರಾಗಿ ನಾಟಿಯನ್ನು ಕಂಡವನೇ ಹೊರತು ಮಾಡಿದವನಲ್ಲ ನಾನು. ನಾನು ದೊಡ್ಡವನಾಗುವಷ್ಟರಲ್ಲಿ ಬಯಲಿಗೆಲ್ಲ ಕಾಲುವೆ ನೀರು ಬಂದು ಭತ್ತವೇ ಆಗಿತ್ತು. ಭಾನುವಾರ ನರಸೀಪುರದಲ್ಲಿ ಅವ್ವ ಅಡುಗೆ ಮಾಡುವ ಹಾಸ್ಟೆಲ್ ಎದುರಿನ ಎಸ್ಟಿಡಿ ಅಂಗಡಿಗೆ ಫೋನ್ ಮಾಡಿ ಅಪ್ಪನನ್ನು ಕರೆಸಿದೆ.

“ಅಪ್ಪ, ರಾಗಿ ಪೈರ ಎಂಗೆ ನೆಡ್ತಿದ್ರಿ?”

“ಇದ ಕೇಳಕ್ಕೆ ಜಪಾನ್ಗೋದ್ಯೇನ್ಲಾ?” ಅಂದ. ಆಮೇಲೆ ದನಿ ಬದಲಾಯಿತು. “ನೋಡು ಮಗಾ, ಭತ್ತದಂಗೆ ನೆಟ್ಟಗೆ ನಿಲ್ಸಕ್ಕೆ ಓಗ್ಬಾರ್ದು. ನೇಗ್ಲು ಸಾಲ್ನಲ್ಲಿ ಓರೆಯಾಗಿ ಮಲಗುಸ್ಬೇಕು. ಕಾಲಲ್ಲಿ ಮಣ್ಣೆಳ್ದು ಮೆಟ್ಟಬೇಕು. ಎರಡು ದಿನ ಸತ್ತಂಗೆ ಬಿದ್ದಿರ್ತದೆ. ನೋಡ್ದೋರು, ಓಯ್ತು ಬುಡು ಅಂತಾರೆ. ಆಮೇಕೆ ಮಣ್ಣಲ್ಲಿರೋ ಗೆಣ್ಣಲ್ಲೆಲ್ಲಾ ಬೇರು ಬುಟ್ಕಂಡು ಏಳ್ತದೆ ನೋಡು, ಬುಡದಲ್ಲಿ ಮರಿ ಮೇಲೆ ಮರಿ ಒಡೀತದೆ, ಅದರ ತೆಂಡೆನೇ ತೆಂಡೆ.”

ಹಿಂದಿನಿಂದ ಅವ್ವನ ದನಿ: “ಇಟ್ಟು ತಿರುವ್ಕೊಂಡು ಉಣ್ತಿದ್ದಾನಾ ಕೇಳಿ!”

ಫೆಬ್ರವರಿಯ ಆ ದಿನ ಹೊರಗೆ ಸಣ್ಣಗೆ ಹಿಮ ಬೀಳುತ್ತಿತ್ತು. ಸಭಾಂಗಣದಲ್ಲಿ ವಿಭಾಗದ ಅಧ್ಯಾಪಕರು, ವಿದ್ಯಾರ್ಥಿಗಳು, ಒಟ್ಟು ನಲವತ್ತು ಜನ ಇದ್ದಿರಬಹುದು. ಕೈಯಲ್ಲಿ ಕಾಗದ ಇರಲಿಲ್ಲ, ಬೆಟ್ಟದ ಊರಿನ ತೆನೆ ಇತ್ತು. ಮೇಜಿನ ಹಿಂದೆ ಹೋಗಿ ನಿಂತೆ. ಅಂಗಳದಲ್ಲಿ ಮೊಚಿ ಕುಟ್ಟಿದ್ದು, ಅದನ್ನು ನುಂಗಿದ್ದು, ಕಸದ ಮಿಷನ್ನು ಬಂದದ್ದು, ಇಲ್ಲಿಂದಲೇ ಶುರು ಮಾಡಿದೆ. ಮೊದಲ ಸಾಲಿನವರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು, ಹಿಂದಿನ ಸಾಲಿನವರು ಹಿಡಿದುಕೊಳ್ಳಲಿಲ್ಲ. ಆ ನಗು ಕೇಳಿದ ಮೇಲೆ ತೆನೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. ಅಲ್ಲಿಂದ ಮುಂದೆ, ಬೆಟ್ಟದ ಊರಿನಲ್ಲೂ ಹೆಮ್ಮಿಗೆಯಲ್ಲೂ ಈ ಒಂದೇ ಕಾಳನ್ನು ಹೇಗೆ ಬಿತ್ತುತ್ತಿದ್ದರು, ನೆಡುತ್ತಿದ್ದರು, ಬೇಯಿಸುತ್ತಿದ್ದರು ಅಂತ ವಿವರಿಸಿದೆ.

ಮುಗಿದ ಮೇಲೆ ಮಣ್ಣಿನ ವಿಷಯದ ಹಿರಿಯ ಪ್ರಾಧ್ಯಾಪಕರೊಬ್ಬರು ಎದ್ದರು. ಆ ಸಭೆಯಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಅವರಿಗೆ. “ಎಳೆಯ ಸಸಿಯನ್ನು ಮಲಗಿಸಿ, ಕಾಲಿನಿಂದ ಮೆಟ್ಟುತ್ತೀರಿ ಅಂದಿರಿ. ಅದು ಸಾಯುವುದಿಲ್ಲವೇ?”

ನವೆಂಬರಿನಲ್ಲಿ ಮುಚ್ಚಿಕೊಂಡಿದ್ದ ಬಾಯಿ ಅದೇ. ಮೇಜಿನ ಹಿಂದಿನಿಂದ ಮುಂದಕ್ಕೆ ಬಂದೆ. ಮೂಲೆಯಲ್ಲಿದ್ದ ಯಾರದೋ ಕೊಡೆಯನ್ನು ನೆಲದ ಮೇಲೆ ಓರೆಯಾಗಿ ಮಲಗಿಸಿದೆ, ಬೂಟು ಬಿಚ್ಚಿ, ಇಲ್ಲದ ಮಣ್ಣನ್ನು ಬರಿಗಾಲಲ್ಲಿ ಎಳೆದು ಮೆಟ್ಟಿ ತೋರಿಸಿದೆ. “ಎರಡು ದಿನ ಸತ್ತ ಹಾಗೆ ಕಾಣುತ್ತದೆ. ನೋಡಿದವರು ಹೋಯಿತು ಅಂತಾರೆ. ಆಮೇಲೆ ಮಣ್ಣಿಗೆ ತಾಗಿದ ಗೆಣ್ಣುಗಳಲ್ಲೆಲ್ಲ ಬೇರು ಬಿಟ್ಟು ಏಳುತ್ತದೆ, ನೆಟ್ಟಗೆ ನಿಲ್ಲಿಸಿದ್ದಕ್ಕಿಂತ ಹೆಚ್ಚು ತೆಂಡೆ ಒಡೆಯುತ್ತದೆ. ಇದನ್ನು ನನಗೆ ಹೇಳಿದವರು ನಮ್ಮ ತಂದೆ. ಅವರು ಶಾಲೆಗೆ ಹೋದವರಲ್ಲ.” ಹೇಳುತ್ತಾ ಹೋದ ಹಾಗೆ ನಾನು ಹೇಳುತ್ತಿರುವುದು ಬರೀ ಪೈರಿನ ವಿಷಯವಲ್ಲ ಅನ್ನಿಸಿತು. ಪ್ರಾಧ್ಯಾಪಕರು ಇನ್ನೂ ಮೂರು ಪ್ರಶ್ನೆ ಕೇಳಿದರು. ಮೂರಕ್ಕೂ ಉತ್ತರ ಹೇಳಿದೆ. ಆಮೇಲೆ, “ಆ ಕೊಡೆ ನನ್ನದು. ಏಳುತ್ತದೋ ನೋಡೋಣ” ಅಂದರು. ಇಡೀ ಸಭೆ ನಕ್ಕಿತು, ನಗುವಿನ ಹಿಂದೆಯೇ ಚಪ್ಪಾಳೆ ಬಂತು. ಸಂಜೆ ಒಕಾದಾ ಸೆನ್ಸೇ ತೇರ್ಗಡೆಯ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ನಾನೂ ಎರಡೂ ಕೈಯಲ್ಲಿ ತೆಗೆದುಕೊಂಡೆ.

ಮಾರ್ಚ್ ಕೊನೆಗೆ ಹೊರಟೆ. ಅಜ್ಜಿ ಬೆಟ್ಟದಿಂದ ನಗೋಯಾದವರೆಗೂ ಬಂದರು. ತಪಾಸಣೆಯ ಬಾಗಿಲಲ್ಲಿ ತಿರುಗಿ ನೋಡಿದಾಗ ಅವರು ಕೈ ಬೀಸುತ್ತಿರಲಿಲ್ಲ, ತಮ್ಮ ದವಡೆಯನ್ನು ಮೇಲೆ ಕೆಳಗೆ ಆಡಿಸಿ ತೋರಿಸುತ್ತಿದ್ದರು. ಅಗಿ, ಅಗಿ.

ಮೈಸೂರಿಗೆ ಬಂದ ಮೇಲೆ ಮೊದಲು ವಿಭಾಗಕ್ಕೆ ಹೋದೆ. ಆ ಹಿರಿಯ ಅಧ್ಯಾಪಕರು ಪತ್ರವನ್ನು ಎರಡು ಸಲ ಓದಿದರು. “ಕೂತ್ಕೊಳಪ್ಪ” ಅಂದರು. ಆ ಕೋಣೆಯಲ್ಲಿ ನಾನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. “ಮುಂದಿನ ವರ್ಷಕ್ಕೆ ಅರ್ಜಿ ಕರೀಬೇಕು. ನಿಮ್ಮ ಕಡೆ ಹುಡುಗರಿಗೆ ನೀನೇ ಹೇಳಿಬಿಡು, ಹಾಕ್ಲಿ” ಅಂದರು. “ಹುಡುಗೀರ್ಗೂ ಹೇಳ್ತೀನಿ ಸಾ” ಅಂದೆ. ತಲೆ ತಗ್ಗಿಸಲಿಲ್ಲ.

ನರಸೀಪುರದಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಅವ್ವ ಮನೆಯಲ್ಲಿರುವುದಿಲ್ಲ, ಹಾಸ್ಟೆಲಿನಲ್ಲಿರುತ್ತಾಳೆ ಅಂತ ಗೊತ್ತಿತ್ತು. ಅಲ್ಲಿಗೇ ಹೋದೆ. ನಾನು ಬರುವ ದಿನ ಗೊತ್ತಿದ್ದ ಅಪ್ಪ ಜಗಲಿಯಲ್ಲಿ ಸನಿಕೆ ಒರಗಿಸಿಕೊಂಡು ಕಾಯುತ್ತಿದ್ದ. ನನ್ನ ಕೈಯಿಂದ ಸೂಟ್‌ಕೇಸ್ ಇಸಿದುಕೊಂಡ. ಒಳಗೆ ಅವ್ವ ಬೆವರು ಒರೆಸಿಕೊಳ್ಳುತ್ತಾ, “ಮೊದ್ಲು ಉಣ್ಣು. ಮಿಕ್ಕಿದ್ದು ಆಮೇಲೆ” ಅಂತ ಸಾಲಿನ ಕೊನೆಯಲ್ಲಿ ನನಗೂ ತಟ್ಟೆ ಇಟ್ಟಳು. ಆವಿ ಏಳುವ ಮುದ್ದೆ, ಉಪ್ಸಾರು. ಮುರಿದೆ, ಅದ್ದಿದೆ, ಬಾಯಿಗಿಟ್ಟೆ. ದವಡೆ ತಾನಾಗಿಯೇ ಆಡತೊಡಗಿತು.

ಅವ್ವನ ಕೈಯಲ್ಲಿದ್ದ ಸೌಟು ನಿಂತಿತು. “ಇದೇನ್ಲಾ ಇದು? ಇ­ಟ್ಟ ಅಗೀತಿದ್ದೀಯ? ಲೇ ಮಕ್ಳಾ, ನೋಡ್ರೋ ಇಲ್ಲಿ, ಜಪಾನ್ಗೋಗಿ ಬಂದು ಇಟ್ಟುಣ್ಣದ್ನೇ ಮರ್ತವ್ನೆ!” ಎಂಬತ್ತು ಹುಡುಗರೂ ತಟ್ಟೆ ಬಿಟ್ಟು ನಕ್ಕರು. ಬಾಗಿಲಲ್ಲಿ ನಿಂತಿದ್ದ ಅಪ್ಪನೂ ನಕ್ಕ. ನಗು ನಿಂತ ಮೇಲೆ ಅವ್ವ ನನ್ನೆದುರಿಗೆ ಕುಕ್ಕರುಗಾಲಲ್ಲಿ ಕೂತಳು. ದನಿ ತಗ್ಗಿಸಿದಳು.

“ಅದಿರ್ಲಿ. ಗೆದ್ಯೋ, ಸೋತ್ಯೋ?”

“ಗೆದ್ದೆ ಕಣವ್ವ. ಕಾಗದ ನೋಡ್ದಂಗೆ ಅರ್ಧ ಗಂಟೆ ಮಾತಾಡ್ದೆ.”

ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಒಲೆಯ ಬಿಸಿ ಅಂತ ಅಂದುಕೊಳ್ಳಲಿ ಅಂತ. ಪಾತ್ರೆಯಿಂದ ಇನ್ನೊಂದು ಮುದ್ದೆ ತೆಗೆದು, ಸಾಕು ಸಾಕು ಅನ್ನುತ್ತಿದ್ದರೂ ತಟ್ಟೆಗೆ ಹಾಕಿ,

“ಅಂಗಾರೆ ಅಗೀಬೇಡ, ನುಂಗು” ಅಂದಳು.

ನುಂಗಿದೆ.